ಡಿಕ್ಷನರಿ ಹೊತ್ಕೊಂಡು ನೆವಾಡಾಗೆ ಹೋದ ಅಣ್ತಮ್ಮ

ಹಳೇ ಅಮೆರಿಕದ ವೆಸ್ಟ್ ಅಂದ್ರೆ ಬರೀ ಗನ್ನು, ಕುದುರೆ, ಟೋಪಿ ನೋಡಿ ಸಾಕಾಗಿದೆ, ನಗಿಸೋ ಥರ ಪ್ರವಾಸ ಬರೆದವ್ರು ಯಾರೂ ಇಲ್ವಾ ಅಂತ ಕೇಳಿದೀರ. ಇದಾರೆ, ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೈನ್. ಪುಸ್ತಕ ರಫಿಂಗ್ ಇಟ್, 1872ರದ್ದು.

1861ರಲ್ಲಿ ಅವನ ಅಣ್ಣ ಓರಿಯನ್‌ಗೆ ನೆವಾಡಾದಲ್ಲಿ ಸರ್ಕಾರಿ ಕೆಲಸ ಸಿಗುತ್ತೆ, ತಮ್ಮನಿಗೆ ಹೊಟ್ಟೆಕಿಚ್ಚು, ನಾನೂ ಬರ್ತೀನಿ ಅಂತ ಹೊರಟೇಬಿಡ್ತಾನೆ. ಆಗಿನ್ನೂ ಆ ಕಡೆಗೆ ರೈಲಿಲ್ಲ, ಮಿಸೌರಿಯ ಸೇಂಟ್ ಜೋಸೆಫ್‌ನಿಂದ ನೆವಾಡಾದ ಕಾರ್ಸನ್ ಸಿಟಿವರೆಗೆ ಸುಮಾರು 20 ದಿನ ಕುದುರೆಗಾಡಿ, ತಲೆಗೆ 150 ಡಾಲರ್, ಟಪಾಲು ಮೂಟೆಗಳ ಮೇಲೇ ಮಲಗ್ಬೇಕು. ಲಗೇಜು ಒಬ್ಬರಿಗೆ 25 ಪೌಂಡ್ ಮಾತ್ರ, ಅಂದ್ರೆ 11 ಕೆಜಿ ಚಿಲ್ರೆ. ಏರ್‌ಪೋರ್ಟಲ್ಲಿ ಬ್ಯಾಗ್ ಬಿಚ್ಚಿ ಉಪ್ಪಿನಕಾಯಿ ಡಬ್ಬಿ ವಾಪಸ್ ಕಳಿಸಿದವನು ನಾನು, ಹಾಗಾಗಿ ಇಲ್ಲೇ ನಗು ಶುರುವಾಯ್ತು ನಂಗೆ. ಒಳ್ಳೊಳ್ಳೆ ಬಟ್ಟೆ ಎಲ್ಲ ಮನೆಗೆ ವಾಪಸ್ ಕಳಿಸಿ ಈ ಪುಣ್ಯಾತ್ಮರು ಇಟ್ಕೊಂಡಿದ್ದೇನು ಗೊತ್ತಾ? ಆರು ಪೌಂಡ್ ತೂಕದ ಡಿಕ್ಷನರಿ! ಗಾಡಿ ಹಳ್ಳಕ್ಕೆ ಇಳಿದು ಹತ್ತಿದಾಗಲೆಲ್ಲ ಅದು ಒಳಗೇ ಹಾರಾಡುತ್ತೆ, ಒಂದ್ಸಲ ಅಣ್ಣನ ಮೊಣಕೈ, ಇನ್ನೊಂದ್ಸಲ ಇವನ ಹೊಟ್ಟೆ, ಆಮೇಲೆ ಜೊತೇಲಿದ್ದ ಬೆಮಿಸ್ ಅನ್ನೋನ ಮೂಗು.

ಗನ್ನೂ ಇದೆ ಬಿಡಿ, ಆದ್ರೆ ಟ್ವೈನ್‌ದು ಹೋಮಿಯೋಪತಿ ಮಾತ್ರೆಯಷ್ಟು ಗುಂಡು ಹಾರಿಸೋ ಪಿಸ್ತೂಲು, ಏಳೂ ಗುಂಡು ಸೇರಿದ್ರೇನೇ ದೊಡ್ಡೋರಿಗೆ ಒಂದು ಡೋಸ್ ಅಂತಾನೆ. ಬೆಮಿಸ್, ಮರಕ್ಕೆ ಮೊಳೆ ಹೊಡೆದು ಸಿಕ್ಕಿಸಿದ್ದ ಇಸ್ಪೀಟ್ ಎಲೆಗೆ ಗುರಿಯಿಟ್ರೆ ಗುಂಡು ಹೋಗಿದ್ದು ಎಡಗಡೆ 30 ಗಜ ದೂರದಲ್ಲಿ ನಿಂತಿದ್ದ ಹೇಸರಗತ್ತೆಗೆ, ಅದರ ಯಜಮಾನ ಬಂದೂಕು ಹಿಡ್ಕೊಂಡು ಬಂದು ಆ ಹೇಸರಗತ್ತೆನ ಬೆಮಿಸೇ ಕೊಂಡ್ಕೊಳ್ಳೋ ಹಾಗೆ ಮಾಡ್ತಾನೆ.

ಎಲ್ಲ ನಿಜ ಅಂತ ನಂಬೋಕೆ ಹೋಗ್ಬೇಡಿ, ಕಾಡೆಮ್ಮೆ ಮರ ಹತ್ತೋ ಕಥೆನೂ ಇದೆ ಇದ್ರಲ್ಲಿ. ಇನ್ನೊಂದು, ಅಲ್ಲಿನ ಮೂಲನಿವಾಸಿಗಳಾದ ಗೋಶೂಟ್ ಜನರ ಬಗ್ಗೆ ಬರೆದಿರೋದು ಅಸಹ್ಯವಾಗಿದೆ, ಆಗಿನ ಕಾಲ ಹಾಗಿತ್ತು ಅಂತ ನಾನು ಬಿಟ್ಟುಕೊಡಲ್ಲ. ಅವನು ತನ್ನನ್ನೇ ಪೆದ್ದ ಮಾಡ್ಕೊಂಡಿರೋ ಕಡೆ ಮಾತ್ರ ಚಿನ್ನ.

ಗಾಡಿ ಪ್ರಯಾಣ 21ನೇ ಅಧ್ಯಾಯದ ಶುರುವಲ್ಲೇ ಮುಗಿಯುತ್ತೆ. ಆಮೇಲಿನ ಬೆಳ್ಳಿ ಗಣಿ ಪುರಾಣ ನಂಗೆ ಸ್ವಲ್ಪ ಎಳೆದ ಹಾಗನ್ನಿಸ್ತು, ಆದ್ರೆ 24ನೇದು ಬಿಡ್ಬೇಡಿ. ಹರಾಜಲ್ಲಿ ಪಕ್ಕದಲ್ಲಿ ನಿಂತವನೊಬ್ಬ "ಇದು ಅಪ್ಪಟ ಮೆಕ್ಸಿಕನ್ ಪ್ಲಗ್" ಅಂತ ಕಿವೀಲಿ ಊದ್ತಾನೆ, ಪ್ಲಗ್ ಅಂದ್ರೇನು (ಕೆಲ್ಸಕ್ಕೆ ಬಾರದ ಕುದುರೆ) ಅಂತಾನೇ ಗೊತ್ತಿಲ್ದೆ ಇವನು 27 ಡಾಲರ್ ಕೊಟ್ಟು ಆ ಕುದುರೆ ಹೊಡ್ಕೋತಾನೆ. ಹತ್ತಿದ ತಕ್ಷಣ ಆಕಾಶಕ್ಕೆ ಎಸೆಯುತ್ತೆ. ಕಿವಿ ಊದಿದವನು ಹರಾಜು ಕೂಗೋನ ತಮ್ಮನೋ ಅಣ್ಣನೋ ಆಗಿರ್ತಾನೆ.