64-ಬಿಟ್ ಪ್ರೊಸೆಸರ್ ಇದ್ದರೂ ಹಳೆ ಟ್ಯಾಬ್ಲೆಟ್‌ನಲ್ಲಿ ಲಿನಕ್ಸ್ ಪೆನ್‌ಡ್ರೈವ್ ಬೂಟ್ ಆಗುತ್ತಿಲ್ಲ, ಯಾಕೆ?

ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, ಕೀಬೋರ್ಡ್ ಕಳಚಿ ಇಡುವ ಟ್ಯಾಬ್ಲೆಟ್ ಅಂದಿದ್ದೀರಿ. ಉಬುಂಟು ಪೆನ್‌ಡ್ರೈವ್ ಬೇರೆ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ, ಇದರಲ್ಲಿ ಬೂಟ್ ಮೆನುವಿಗೇ ಬರುವುದಿಲ್ಲ, ಅಲ್ವಾ? ಪೆನ್‌ಡ್ರೈವ್ ಬದಲಿಸುತ್ತಾ ಕೂರಬೇಡಿ. ನಾನು ಮೂರು ಬದಲಿಸಿದ್ದೆ.

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಡೀಸೆಲ್, ಐಸ್ ಲೆಕ್ಕ ಬರೆಯುವವನು. 2017ರ ಮಳೆಗಾಲ. ಜೂನ್, ಜುಲೈನಲ್ಲಿ ಮೀನುಗಾರಿಕೆ ಬಂದ್, ಕೈಯಲ್ಲಿ ಬೇಕಾದಷ್ಟು ಸಮಯ. ನನ್ನ ಇಂಥದೇ ಟ್ಯಾಬ್ಲೆಟ್ ನೋಡಿ ರಿಪೇರಿ ಅಂಗಡಿಯವರು ಬೋರ್ಡೇ ಹೋಗಿದೆ ಅಂದರು. ಹೋಗಿರಲಿಲ್ಲ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆಗೆದು ನೋಡಿ. '32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್' ಅಂತ ಇದ್ದರೆ ಕಾರಣ ಹೆಚ್ಚುಕಡಿಮೆ ಅದೇ. ಪ್ರೊಸೆಸರ್ 64-ಬಿಟ್, ಆದರೆ ಕಂಪನಿಯವರು ಹಾಕಿದ ಯುಇಎಫ್‌ಐ (ಆನ್ ಮಾಡಿದಾಗ ಮೊದಲು ಏಳುವ, ಬೂಟ್ ಮಾಡಿಸುವ ಪ್ರೋಗ್ರಾಂ) 32-ಬಿಟ್. ಅದು ಪೆನ್‌ಡ್ರೈವ್‌ನ ಇಎಫ್‌ಐ ಫೋಲ್ಡರಿನ ಬೂಟ್ ಒಳಗೆ 'ಬೂಟ್‌ಐಎ32.ಇಎಫ್‌ಐ' ಫೈಲನ್ನೇ ಹುಡುಕುತ್ತದೆ. ಅಲ್ಲಿ ಇರುವುದು 'ಬೂಟ್‌ಎಕ್ಸ್64' ಮಾತ್ರ. ಹಾಗಾಗಿ ಅದರ ಪಾಲಿಗೆ ಪೆನ್‌ಡ್ರೈವ್ ಖಾಲಿ! ಹಳೆ ಬಯೋಸ್ ಮೋಡ್‌ಗೆ ಹಾಕೋಣ ಅಂದರೆ ಇಂಥ ಟ್ಯಾಬ್ಲೆಟ್‌ಗಳಲ್ಲಿ ಸಾಮಾನ್ಯವಾಗಿ ಆ ಆಯ್ಕೆಯೇ ಇರುವುದಿಲ್ಲ.

ಲಿನಕ್ಸ್ ಕರ್ನೆಲ್‌ಗೆ, ಅಂದರೆ ಅದರ ತಿರುಳಿಗೆ, ಇದು ತೊಂದರೆಯಲ್ಲ. 2014ರ 3.15 ಆವೃತ್ತಿಯಿಂದಲೇ 64-ಬಿಟ್ ಕರ್ನೆಲ್ 32-ಬಿಟ್ ಯುಇಎಫ್‌ಐ ಮೇಲೆ ನಡೆಯುತ್ತದೆ. ಸಿಕ್ಕಿಹಾಕಿಕೊಳ್ಳುವುದು ಬಾಗಿಲಲ್ಲೇ. ನಾನು ಕೊನೆಗೆ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನ ಮಲ್ಟಿ-ಆರ್ಕ್ (32, 64-ಬಿಟ್ ಎರಡಕ್ಕೂ ಆಗುವ) ಇಮೇಜ್ ಹಾಕಿದೆ, ಅದರಲ್ಲಿ ಎರಡೂ ಫೈಲ್ ಇದ್ದವು. ನೀವು ಯಾವುದೇ ಇಮೇಜ್ ಇಳಿಸಿದರೂ ಮೊದಲು ಆ ಫೋಲ್ಡರ್ ತೆಗೆದು ನೋಡಿ. ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿ. ಯುಎಸ್‌ಬಿ ಕಿಂಡಿ ಒಂದೇ ಇದ್ದರೆ ಪೆನ್‌ಡ್ರೈವ್, ಕೀಬೋರ್ಡ್ ಒಟ್ಟಿಗೆ ಸಿಕ್ಕಿಸಲು ಒಟಿಜಿ ಹಬ್ ಬೇಕು.

ಆ ಒಂದು ಫೈಲನ್ನು ಎಲ್ಲಿಂದಲೋ ತಂದು ಉಬುಂಟು ಪೆನ್‌ಡ್ರೈವ್‌ಗೆ ಸೇರಿಸುವವರೂ ಇದ್ದಾರೆ. ಇನ್‌ಸ್ಟಾಲರ್ ಏಳುತ್ತದೆ, ಮುಗಿಯುವುದೂ ಮುಗಿಯುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಥೆ, ಯಾಕೆಂದರೆ ಒಳಗೆ ಕೂತದ್ದು 64-ಬಿಟ್ ಗ್ರಬ್, ಅಂದರೆ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ. 'ಗ್ರಬ್-ಇಎಫ್‌ಐ-ಐಎ32' ಪ್ಯಾಕೇಜ್ ಹಾಕಲೇಬೇಕು. ನಾನು ಎರಡು ದಿನ ಕಳೆದದ್ದು ಇಲ್ಲೇ.

ವೈಫೈ ಚಿಪ್ ಆರ್‌ಟಿಎಲ್8723ಬಿಎಸ್ ಆಗಿದ್ದರೆ 4.12ಕ್ಕಿಂತ ಹಳೆಯ ಕರ್ನೆಲ್ ಬೇಡ. ಸೌಂಡ್ ನನಗೆ ಇವತ್ತಿಗೂ ಬಂದಿಲ್ಲ. ಐಸಿನ ಲೆಕ್ಕಕ್ಕೆ ಅದು ಬೇಕಾಗಿಯೂ ಇಲ್ಲ ಬಿಡಿ.