ಎರಡು ವರ್ಷವಾದರೂ ಹೂ ಬಿಡದ ಅನಾನಸ್

ಪ್ರಶ್ನೆ: ತಿಂದ ಅನಾನಸ್ ಹಣ್ಣಿನ ಜುಟ್ಟನ್ನು ಕುಂಡದಲ್ಲಿ ನೆಟ್ಟು ಎರಡು ವರ್ಷ ಕಳೆಯಿತು. ಎಲೆಗಳು ಕಡು ಹಸಿರಾಗಿ ಉದ್ದುದ್ದ ಬೆಳೆದು ಬಾಗಿವೆ. ದಿನವೂ ತಪ್ಪದೆ ನೀರು ಹಾಕುತ್ತೇನೆ. ಆದರೂ ಹೂವಿನ ಸುಳಿವೇ ಇಲ್ಲ. ಇದು ಗೊಡ್ಡು ಗಿಡವೇ? ಕಿತ್ತುಹಾಕಲೇ?

ಉತ್ತರ: ದಯವಿಟ್ಟು ಕೀಳಬೇಡಿ. ಜುಟ್ಟಿನಿಂದ ಬೆಳೆಸಿದ ಗಿಡ ಫಲಕ್ಕೆ ಬರಲು ಹೊಲದಲ್ಲಿಯೇ ಸುಮಾರು 2 ವರ್ಷ ಬೇಕು. ಕುಂಡದಲ್ಲಿ 3 ವರ್ಷವಾದರೂ ಅಚ್ಚರಿಯಿಲ್ಲ. ಬುಡದಲ್ಲಿ ಒಡೆಯುವ ಕಂದನ್ನು ನೆಟ್ಟಿದ್ದರೆ ಕಾಯುವ ಕಾಲ ಕಡಿಮೆಯಾಗುತ್ತಿತ್ತು, ಅಷ್ಟೇ. ಅನಾನಸಿನಲ್ಲಿ ತಿಂಗಳುಗಳನ್ನಲ್ಲ, ಎಲೆಗಳನ್ನು ಎಣಿಸಬೇಕು. ಮೂವತ್ತಕ್ಕೂ ಹೆಚ್ಚು ದಪ್ಪನೆಯ ಎಲೆಗಳಿದ್ದರೆ ಗಿಡ ಹಣ್ಣನ್ನು ಹೊರುವಷ್ಟು ಬಲಿತಿದೆ ಎಂದು ತಿಳಿಯಿರಿ.

ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಎರಡು ಮಾತು. ಮೊದಲನೆಯದು, ಉದ್ದವಾಗಿ ಬಾಗಿದ ಕಡು ಹಸಿರು ಎಲೆಗಳು. ನೋಡಲು ಚೆಂದವಿದ್ದರೂ ಅದು ಬಿಸಿಲು ಸಾಲದ ಲಕ್ಷಣ. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ಕಡೆಗೆ ಕುಂಡವನ್ನು ಸರಿಸಿ. ಒಮ್ಮೆಲೇ ಬೇಡ, ಎಲೆ ಸುಡುತ್ತದೆ. ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಒಗ್ಗಿಸಿ.

ಎರಡನೆಯದು ದಿನವೂ ಹಾಕುವ ನೀರು. ಅನಾನಸ್ ತನ್ನ ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಹೀರಿದ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟುಕೊಂಡು ಹಗಲಿನ ಬೆಳಕಿನಲ್ಲಿ ಬಳಸುತ್ತದೆ. ಹೀಗೆ ಬಿಸಿಲು ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಗಿಡ ಕಳೆದುಕೊಳ್ಳುವ ನೀರು ಬಹಳ ಕಡಿಮೆ. ನಿತ್ಯ ನೀರು ಹಾಕಿದರೆ ಬೇರು ಕೊಳೆಯುತ್ತದೆ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಒಣಗಿದ ಮೇಲೆ ಮಾತ್ರ ಹಾಕಿ. ನಡುವಿನ ಸುಳಿ ಎಳೆದರೆ ಕಿತ್ತುಬಂದು ದುರ್ವಾಸನೆ ಬೀರಿದರೆ ಅದು ಸುಳಿಕೊಳೆ. ಆ ಗಿಡ ಉಳಿಯುವುದು ಕಷ್ಟ.

ಎಲೆ ಸಾಕಷ್ಟಿದ್ದೂ ಹೂ ಬರದಿದ್ದರೆ ಒಂದು ಉಪಾಯವಿದೆ. ಸುಳಿಯಲ್ಲಿ ನಿಂತ ನೀರನ್ನು ಕುಂಡ ಬಾಗಿಸಿ ಚೆಲ್ಲಿ. ಚೆನ್ನಾಗಿ ಮಾಗಿದ ಒಂದೆರಡು ಸೇಬುಗಳನ್ನು ಬುಡದಲ್ಲಿಟ್ಟು, ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ಮೂರು ನಾಲ್ಕು ದಿನ ನೆರಳಿನಲ್ಲಿಡಿ. ಹಣ್ಣು ಹೊರಬಿಡುವ ಎಥಿಲೀನ್ ಅನಿಲವೇ ಗಿಡಕ್ಕೆ ಹೂವಿನ ಕರೆ. ಫಲಿಸಿದರೆ ಎರಡು ಮೂರು ತಿಂಗಳಲ್ಲಿ ಸುಳಿ ಕೆಂಪೇರುತ್ತದೆ. ಎಳೆಯ ಗಿಡಕ್ಕೆ ಮಾತ್ರ ಈ ಬಲವಂತ ಬೇಡ, ಹಣ್ಣು ಮುಷ್ಟಿಯಷ್ಟಕ್ಕೇ ನಿಲ್ಲುತ್ತದೆ. ಇದಕ್ಕಾಗಿ ಕಾರ್ಬೈಡ್ ತರಲು ಯಾರಾದರೂ ಹೇಳಿದರೆ ಒಪ್ಪಬೇಡಿ. ನೀರು ತಾಗಿದರೆ ಅದರಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ.

ಎಲೆಗಳ ಬುಡದಲ್ಲಿ ಇರುವೆ ಸಾಲು ಕಂಡರೆ ಬಿಳಿ ಹಿಟ್ಟು ತಿಗಣೆ ಇದೆಯೇ ನೋಡಿ, ಸೋಪಿನ ನೀರಿನಿಂದ ಒರೆಸಿ.

ಹೂವಾದ ಮೇಲೆ ಹಣ್ಣಿಗೆ ಇನ್ನೂ 5–6 ತಿಂಗಳು. ಅವಸರದಿಂದ ಕೊಯ್ಯಬೇಡಿ. ಕೊಯ್ದಿಟ್ಟ ಅನಾನಸ್ ಮೆತ್ತಗಾಗುತ್ತದೆಯೇ ಹೊರತು ಹೆಚ್ಚು ಸಿಹಿಯಾಗುವುದಿಲ್ಲ. ಬುಡದಿಂದ ಹಳದಿ ಏರಿ, ಹತ್ತಿರ ಹೋದರೆ ಘಮ ಬರುವವರೆಗೆ ಗಿಡದಲ್ಲೇ ಇರಲಿ. ಒಮ್ಮೆ ಫಲ ಕೊಟ್ಟ ತಾಯಿ ಗಿಡ ಮತ್ತೆ ಹೂ ಬಿಡುವುದಿಲ್ಲ. ಅದರ ಬುಡದ ಕಂದುಗಳಲ್ಲಿ ಗಟ್ಟಿಯಾದ ಒಂದನ್ನು ಉಳಿಸಿಕೊಳ್ಳಿ, ಮುಂದಿನ ಹಣ್ಣು ಅದರಲ್ಲಿ.