ಮಂಡಿನೋವು ಮತ್ತು ಮೊಂಟೆಬೆಲ್ಲೊ ಕೋಟೆ

ಪ್ರಶ್ನೆ: ಬೊಲೊನ್ಯಾದಲ್ಲಿ ಓದುತ್ತಿರುವ ಮಗಳನ್ನು ನೋಡಲು ಜೂನ್‌ನಲ್ಲಿ ಇಟಲಿಗೆ ಹೊರಟಿದ್ದೇವೆ. ಅಲ್ಲಿನ ಮೊಂಟೆಬೆಲ್ಲೊ ಕೋಟೆಯಲ್ಲಿ ಪುಟ್ಟ ಹುಡುಗಿಯ ದೆವ್ವವಿದೆಯಂತೆ, ನಿಜವೇ? ಮಂಡಿನೋವಿರುವ ಅತ್ತೆಯವರನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಕುಮಟಾ

ಉತ್ತರ: ಕೋಟೆಯಂತೂ ನಿಜ. ಅದು ಕರಾವಳಿಯ ರಿಮಿನಿ ನಗರದಿಂದ ಸುಮಾರು 20 ಕಿಲೋಮೀಟರ್ ಒಳನಾಡಿನಲ್ಲಿ, ಮರೆಕ್ಯಾ ಕಣಿವೆಯ ಬೆಟ್ಟದ ಮೇಲಿದೆ. ಐತಿಹ್ಯದ ಪ್ರಕಾರ ಕೋಟೆಯ ಒಡೆಯನ ಮಗಳು ಗ್ವೆಂಡಲೀನಾ ಹುಟ್ಟಿನಿಂದಲೇ ಬಿಳಿಗೂದಲಿನವಳು. ಜನ ಮಾಟಗಾತಿಯೆಂದಾರು ಎಂಬ ಭಯದಿಂದ ತಾಯಿ ಗಿಡಮೂಲಿಕೆಯ ಬಣ್ಣ ಹಚ್ಚಿದರೆ, ಅದು ಕೂದಲಿಗೆ ಹಿಡಿಯದೆ ನೀಲಿಛಾಯೆಯಷ್ಟೇ ಉಳಿಯಿತಂತೆ. ಅಜ್ಜುರೀನಾ (ಇಟಾಲಿಯನ್‌ನಲ್ಲಿ ‘ಅಜ್ಜುರೊ’ ಎಂದರೆ ನೀಲಿ) ಎಂಬ ಅಡ್ಡಹೆಸರು ಬಂದದ್ದು ಹಾಗೆ. 1375ರ ಜೂನ್ 21ರಂದು, ಹೊರಗೆ ಗುಡುಗು ಮಳೆ ಸುರಿಯುತ್ತಿದ್ದಾಗ, ಉರುಳಿಹೋದ ಬಟ್ಟೆಚೆಂಡಿನ ಹಿಂದೆ ಹಿಮ ತುಂಬಿಡುವ ನೆಲಮಾಳಿಗೆಗೆ ಇಳಿದ ಮಗು ಮತ್ತೆ ಸಿಗಲಿಲ್ಲವಂತೆ. ಐದು ವರ್ಷಕ್ಕೊಮ್ಮೆ ಅದೇ ದಿನ ಅವಳ ದನಿ ಕೇಳುತ್ತದೆ ಎನ್ನುತ್ತಾರೆ. ಧ್ವನಿಮುದ್ರಣಗಳನ್ನೂ ಸಂದರ್ಶಕರಿಗೆ ಕೇಳಿಸುವುದುಂಟು. ಮಳೆಗಾಲದ ರಾತ್ರಿ ನಮ್ಮ ಹಂಚಿನ ಮನೆಗಳಲ್ಲಿ ಏನೆಲ್ಲ ಕೇಳಿಸುತ್ತದೆಂದು ಬಲ್ಲ ನನಗೆ ಅದರಲ್ಲಿ ನಂಬಿಕೆ ಹುಟ್ಟಿಲ್ಲ.

ಹಗಲಿನ ಭೇಟಿಯಲ್ಲಿ ಇತಿಹಾಸಕ್ಕೂ ರಾತ್ರಿಯದರಲ್ಲಿ ಐತಿಹ್ಯಕ್ಕೂ ಒತ್ತು. ಎರಡಕ್ಕೂ ಮಾರ್ಗದರ್ಶಕರು ಜೊತೆಗಿರುತ್ತಾರೆ. ವಿವರಣೆ ಹೆಚ್ಚಾಗಿ ಇಟಾಲಿಯನ್‌ನಲ್ಲಿರುವುದರಿಂದ ಮಗಳು ಜೊತೆಗಿರಲಿ, ಟಿಕೆಟನ್ನು ಅವಳೇ ಮುಂಗಡವಾಗಿ ಕಾಯ್ದಿರಿಸಲಿ. ರಿಮಿನಿಯವರೆಗೆ ರೈಲಿನಲ್ಲಿ ಹೋಗಿ, ಮುಂದೆ ಕಾರು ಹಿಡಿಯುವುದು ಒಳ್ಳೆಯದು. ಅತ್ತೆಯವರ ವಿಷಯದಲ್ಲಿ ಮಾತ್ರ ಯೋಚಿಸಿ: ಮಿರ್ಜಾನ ಕೋಟೆಯ ಮೆಟ್ಟಿಲುಗಳನ್ನು ಅವರು ಆರಾಮವಾಗಿ ಹತ್ತಿಳಿಯುತ್ತಾರಾದರೆ ಕರೆದೊಯ್ಯಿರಿ, ಅದೂ ಹಗಲಿನಲ್ಲಿ.